ಅತ್ತೆಯ ತೊಡೆ, ಮಗಳ ಸೀಟು

ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಜಾಗವೇ ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಮಗಳನ್ನು ಕಾರಿನಲ್ಲಿ ಕೂರಿಸಿ ಕಟ್ಟುವ ಪುಟ್ಟ ಸೀಟು ಮನೆಗೆ ಬಂದ ದಿನ. ಮೇಲಿನಿಂದ ಇಳಿಯುವ ಪಟ್ಟಿ ಇತ್ತು, ಎಳೆದರೆ ಬರುತ್ತಿತ್ತು. ಅದರ ತುದಿಯನ್ನು ಕೂರಿಸುವ ಲಾಕ್ ಮಾತ್ರ ಕಾಣುತ್ತಿರಲಿಲ್ಲ. ಕೊಟ್ಟೂರಿನ ನಮ್ಮ ಮನೆ ಮುಂದೆ, ಬಿಸಿಲಲ್ಲಿ, ಸೀಟಿನ ಸಂದಿಗೆಲ್ಲ ಕೈ ಹಾಕಿ ಹುಡುಕಿದೆ. ಶೇಂಗಾ ಸಿಪ್ಪೆ, ಬಳೆ ಚೂರು, ಮಗಳ ಒಂಟಿ ಕಾಲುಚೀಲ ಸಿಕ್ಕವು.

ಗಂಡ ಬಂದು ನೋಡಿ, ಕವರ್ ಹೊಲಿಸಿದಾಗ ಒಳಗೆ ಹೋಗಿರಬೇಕು ಅಂದರು, ಚಹಾ ಆರಿತು ಅನ್ನುವ ಧಾಟಿಯಲ್ಲಿ. ಕಾರು ತಗೊಂಡ ಹೊಸದರಲ್ಲಿ ಸೀಟು ಹೊಲಸಾಗಬಾರದೆಂದು ಹರಪನಹಳ್ಳಿಗೆ ಹೋಗಿ ಕೆಂಪು ರೆಕ್ಸಿನ್ ಹೊಲಿಸಿಕೊಂಡು ಬಂದಿದ್ದರು. ಲಾಕುಗಳು ಕೂತವರಿಗೆ ಚುಚ್ಚುತ್ತವೆ, ಏನು ಮಾಡಲಿ ಎಂದು ಹೊಲಿಯುವವರು ಕೇಳಿದಾಗ, ಹಿಂದೆ ಕೂತು ಯಾರು ಬೆಲ್ಟ್ ಹಾಕ್ತಾರೆ, ಒಳಗೆ ತುರುಕಿಬಿಡಿ ಎಂದು ಇವರೇ ಹೇಳಿದ್ದಂತೆ. ಇವರಿಗೆ ಮುಂದಿನ ಬೆಲ್ಟ್ ನೆನಪಾಗುವುದೂ ಕೂಡ್ಲಿಗಿ ಹೈವೇಯಲ್ಲಿ ಪೊಲೀಸರು ಕಂಡಾಗ ಮಾತ್ರ.

ನಾನು ಒಳಗಿಂದ ಬ್ಲೇಡ್ ತಂದು ಅವರ ಕಣ್ಣೆದುರೇ ಆ ರೆಕ್ಸಿನ್ ಸೀಳಿದೆ. ಲಾಕುಗಳು ಒಂದು ಸಲವೂ ಬಳಸದ ಹಾಗೆ ಹೊಸದಾಗಿಯೇ ಹೊರಬಂದವು. ಮಗಳು ಹುಟ್ಟಿದಾಗಿನಿಂದ ಈ ಹಿಂದಿನ ಸೀಟಿನಲ್ಲಿ ಕೂತು ನಾವು ತಿರುಗದ ಊರಿಲ್ಲ. ತೊಟ್ಟಿಲ ಕಾರ್ಯಕ್ಕೆ ತಂಬ್ರಹಳ್ಳಿ, ಸೂಜಿ ಹಾಕಿಸಲು ಹಗರಿಬೊಮ್ಮನಹಳ್ಳಿ, ಮದುವೆ ಮುಂಜಿಗೆ ಎಲ್ಲೆಲ್ಲೋ. ಅಷ್ಟೂ ದಿನ ಅವಳನ್ನು ಹಿಡಿದದ್ದು ಬರೀ ಕೈಗಳು, ಅದರಲ್ಲೂ ಹೆಚ್ಚಾಗಿ ನನ್ನ ಅತ್ತೆಯ ಕೈಗಳು.

ಸೀಟು ಬೇಕೆಂದು ನಾನು ಹಟ ಹಿಡಿದದ್ದು ಫೋನಿನಲ್ಲಿ ಒಂದು ವಿಡಿಯೊ ನೋಡಿದ ಮೇಲೆ. ಕಾರಿನೊಳಗೆ ಆಳಿನ ಗಾತ್ರದ ಗೊಂಬೆ, ಅದರ ಮಡಿಲಲ್ಲಿ ಕೂಸಿನ ಗಾತ್ರದ ಗೊಂಬೆ. ಕಾರು ಗೋಡೆಗೆ ಗುದ್ದುತ್ತದೆ. ಆಮೇಲೆ ಮಡಿಲಲ್ಲಿ ಏನೂ ಇರುವುದಿಲ್ಲ. ಅತ್ತೆಗೂ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿ, ಫೋನು ನನ್ನ ಕೈಗೆ ಕೊಟ್ಟರು.

"ಗೊಂಬಿ ಕೈಯಾಗ ಬಲ ಎಲ್ಲಿಂದ ಬರಬೇಕವಾ? ಹೆತ್ತ ಅಷ್ಟೂ ಮಕ್ಕಳ್ನ ಇದೇ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ತಿರುಗೀನಿ. ಒಂದಾದ್ರೂ ಕೆಳಗ ಬಿದ್ದೈತೇನು?"

ಮರುದಿನ ನಾನು ಬಸ್ಸು ಹತ್ತಿ ದಾವಣಗೆರೆಗೆ ಹೋದೆ. ಅಲ್ಲಿ ಅಂಗಡಿಯವರು ಮೊದಲು ತೋರಿಸಿದ್ದು ಆನೆ ಚಿತ್ರದ ಮೆತ್ತನೆಯ ಸೀಟು, ಹಾಲಿನ ಬಾಟಲಿ ಇಡಲು ಗೂಡು ಬೇರೆ. ಗುದ್ದಿಸಿ ಪರೀಕ್ಷೆ ಮಾಡಿದ ಗುರುತಿನ ಚೀಟಿ ಎಲ್ಲಿದೆ ಅಂದರೆ, ಬಟ್ಟೆ ಒಗೆಯುವ ಸೂಚನೆಯ ಚೀಟಿ ತೋರಿಸಿದರು. ನನ್ನ ಸಿಟ್ಟು ನೆತ್ತಿಗೇರಿತು. ಅಂಗಡಿಯಲ್ಲಿದ್ದ ಸೀಟುಗಳನ್ನೆಲ್ಲ ಮಗುಚಿ ಹಾಕಿಸಿ ನೋಡಿದೆ. ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ಸಪ್ಪೆಯಾದ ಬೂದು ಬಣ್ಣದ್ದು. ಅದರ ಬೆನ್ನಿಗೆ ಪರೀಕ್ಷೆಯ ಗುರುತಿತ್ತು, ಎಷ್ಟು ತೂಕದ ಮಗುವಿಗೆ ಅಂತ ಬರೆದಿತ್ತು, ನಮ್ಮ ಹಳೇ ಕಾರಿನ ಬೆಲ್ಟಿನಿಂದಲೇ ಬಿಗಿಯಬಹುದಿತ್ತು. ಮುಖ್ಯವಾಗಿ ಅದನ್ನು ಹಿಂದುಮುಂದಾಗಿ ಇಡಬಹುದಿತ್ತು. ಸಣ್ಣ ಮಕ್ಕಳಿಗೆ ತಲೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿ ಕೂತರೆ ಬ್ರೇಕಿನ ಏಟನ್ನು ಇಡೀ ಬೆನ್ನು ತಡೆಯುತ್ತದೆ.

ಅತ್ತೆಗೆ ಈ ಹಿಂದುಮುಂದು ಹಿಡಿಸಲೇ ಇಲ್ಲ. ಕೂಸನ್ನು ಕಟ್ಟಿಹಾಕುವುದಲ್ಲದೆ ಊರಿಗೆ ಬೆನ್ನು ಮಾಡಿ ಕೂರಿಸುತ್ತೀರಾ ಎಂದು ಮೂಗು ಮುರಿದರು. ಹೊಳಲಿನಲ್ಲಿರುವ ಅವರ ತವರಿಗೆ, ಅಣ್ಣನ ಮನೆಗೆ, ಹೊರಡುವ ದಿನ ಅದು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಗಂಡ ನಡುವೆ ಬಂದು ಒಪ್ಪಂದ ಮಾಡಿದರು. ಹೋಗುವಾಗ ಕೂಸು ಸೀಟಿನಲ್ಲಿ, ಬರುವಾಗ ಅತ್ತೆಯ ತೊಡೆಯಲ್ಲಿ. ಹೋದ ಮೇಲೆ ನೋಡಿಕೊಂಡರಾಯಿತು ಎಂದು ನಾನು ಹೂಂ ಅಂದೆ.

ಮಗಳನ್ನು ಕೂರಿಸಿ, ಪಟ್ಟಿಯನ್ನು ಭುಜದ ಬಳಿ ಚಿವುಟಿ ನೋಡಿ, ಸಡಿಲ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನು ಮುಂದೆ ಗಂಡನ ಪಕ್ಕದಲ್ಲಿ ಕೂತೆ. ಅತ್ತೆ ಹಿಂದೆ, ಮಗಳ ಪಕ್ಕದಲ್ಲಿ. ನನ್ನ ಕಾಟಕ್ಕೆ ಅವರೂ ಬೆಲ್ಟ್ ಹಾಕಿಕೊಂಡರು. ಅದರ ಮೇಲೆ, ತೊಡೆಯಲ್ಲಿ, ಟವೆಲ್ ಸುತ್ತಿದ ಕುಂಬಳಕಾಯಿ. ಹಿತ್ತಲಲ್ಲಿ ಬಿಟ್ಟದ್ದು, ಹೆಚ್ಚು ಕಡಿಮೆ ಮಗಳಷ್ಟೇ ಭಾರ. ಡಿಕ್ಕಿಯಲ್ಲಿ ಹಾಕೋಣ ಅಂದೆ. ತವರಿಗೆ ಒಯ್ಯುವುದನ್ನು ಗಾಲಿ, ಜಾಕಿಗಳ ಜೊತೆ ಹಾಕಬಾರದು ಅಂದರು. ಕಾಲ ಬಳಿಯಾದರೂ ಇಡಿ ಅಂದೆ. ತವರಿಗೆ ಒಯ್ಯುವುದಾಗಲಿ ತವರಿಂದ ತರುವುದಾಗಲಿ ಕಾಲಿಗೆ ತಾಗಲೇಬಾರದು ಅಂದರು. ನಮ್ಮ ಕಡೆ ಹೆಂಗಸರು ಇಡೀ ಕುಂಬಳಕಾಯಿಯನ್ನು ಒಡೆಯುವುದೂ ಇಲ್ಲ. ಅದು ಹೆತ್ತ ಮಗುವಿನ ಸಮಾನ ಅನ್ನುತ್ತಾರೆ. ಮನೆಯಲ್ಲಿ ಗಂಡಸರಿಲ್ಲದಿದ್ದರೆ ಅತ್ತೆ ಓಣಿಯಲ್ಲಿ ಹೋಗುವವರನ್ನು ಕರೆದು ಮೊದಲ ಏಟು ಹಾಕಿಸಿಕೊಳ್ಳುತ್ತಿದ್ದರು. ಸರಿ, ನೀವುಂಟು ನಿಮ್ಮ ಕಾಯಿಯುಂಟು ಎಂದು ನಾನು ನನ್ನ ಬೆಲ್ಟ್ ಹಾಕಿಕೊಂಡೆ.

ಹಡಗಲಿ ದಾಟಿ ಹೊಳಲಿನ ರಸ್ತೆ ಹಿಡಿದೆವು. ಮೆಕ್ಕೆಜೋಳ ಒಣಗಿಸುವ ಕಾಲ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿಗಳು ಅದರ ಮೇಲೆ ಹಾಯದಿರಲೆಂದು ಅಂಚಿಗೆ ಸಾಲಾಗಿ ದಪ್ಪ ಕಲ್ಲು ಇಟ್ಟಿದ್ದರು. ನಮ್ಮ ಕಾರೇನೂ ಜೋರಾಗಿ ಹೋಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಎಡಕ್ಕೆ ಸರಿಯೋಣವೆಂದರೆ ಕಲ್ಲಿನ ಸಾಲು. ಗಂಡ ಬ್ರೇಕ್ ತುಳಿದರು.

ಹಿಂದಿನಿಂದ ಏನೋ ನಮ್ಮಿಬ್ಬರ ನಡುವೆ ಹಾದು, ಮುಂದೆ ಗೇರಿನ ಮೇಲಿರುವ ಹಲಗೆಗೆ ಅಪ್ಪಳಿಸಿತು. ಒಡೆದ ಸದ್ದು. ನನ್ನ ಕೈಮೇಲೆ, ಕೆನ್ನೆಯ ಮೇಲೆ ಹಸಿಹಸಿಯಾಗಿ ಏನೋ ಸಿಡಿಯಿತು. ಕಾರು ನಿಂತಿತ್ತು. ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಯಿತು. ಮಗಳ ಸದ್ದಿಲ್ಲ. ಹಿಂದುಮುಂದಾಗಿ ಕೂರಿಸಿದ್ದರಿಂದ ತಿರುಗಿದರೆ ನನಗೆ ಕಂಡದ್ದು ಬೂದು ಸೀಟಿನ ಬೆನ್ನು ಮಾತ್ರ. ಕೆನ್ನೆಯ ಮೇಲಿನದು ಏನೆಂದು ಮುಟ್ಟಿ ನೋಡಲು ನನಗೆ ಧೈರ್ಯ ಬರಲಿಲ್ಲ. ಅಂಥ ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಇಳಿದು ಹಿಂದಿನ ಬಾಗಿಲು ತೆಗೆದೆ. ಮಗಳು ಕೂತಲ್ಲೇ ಕೂತಿದ್ದಳು, ಕೈಯಲ್ಲಿ ಬಿಸ್ಕತ್ತು ಹಾಗೇ ಇತ್ತು. ನನ್ನ ಮುಖ ನೋಡಿದ್ದೇ ಬಾಯಿ ತೆರೆದು ಅಳಲು ಶುರುಮಾಡಿದಳು. ಆ ಅಳು ಕೇಳಿ ನನ್ನ ಜೀವ ಬಂದು ಎದೆಯಲ್ಲಿ ಕೂತಿತು. ಆಮೇಲೆಯೇ ನಾನು ಮುಂದಿನ ಸೀಟಿನ ಕಡೆ ನೋಡಿದ್ದು. ಕುಂಬಳಕಾಯಿ ಎರಡು ಹೋಳಾಗಿ ಬಿದ್ದಿತ್ತು. ಹಳದಿ ತಿರುಳು, ಬೀಜ, ನಾರು ಹಲಗೆಯ ತುಂಬ, ಗಂಡನ ಅಂಗಿಯ ತುಂಬ.

ಅತ್ತೆಗೆ ಪೆಟ್ಟಾಗಿರಲಿಲ್ಲ. ಅವರ ತೊಡೆಯ ಮೇಲೆ ಟವೆಲ್ ಮಾತ್ರ ಉಳಿದಿತ್ತು. ಎರಡೂ ಕೈ ಇನ್ನೂ ಕಾಯಿ ತಬ್ಬಿ ಹಿಡಿದ ಹಾಗೆಯೇ ನಿಂತಿದ್ದವು. ಅವರ ಕಣ್ಣು ಮಗಳ ಕಡೆ ಹೋಗಿ, ಒಡೆದ ಕಾಯಿಯ ಕಡೆ ಬಂದು, ಮತ್ತೆ ತಮ್ಮ ಕೈಗಳಿಗೆ ಬಂತು. ನಾನು ಅವರ ಭುಜ ಮುಟ್ಟಿ, ಅತ್ತಿ, ನೀರು ಕುಡೀರಿ ಅಂದೆ.

"ನಾ ಬಿಟ್ಟಿಲ್ಲವಾ," ಅಂದರು. "ಗಟ್ಟಿಯಾಗೇ ಹಿಡ್ಕೊಂಡಿದ್ದೆ."

ನಾನು ಅವರ ತೊಡೆಯ ಮೇಲಿನ ಟವೆಲ್ ತೆಗೆದು ಹಲಗೆ ಒರೆಸಿದೆ. ಮತ್ತೆ ಹೊಳಲಿನ ಕಡೆ ಹೊರಟೆವು.

ಸಂಜೆ ಹೊರಡುವಾಗ ಅತ್ತೆಯ ಅಣ್ಣನ ಹೆಂಡತಿ ಅವರಿಗೆ ಉಡಿ ತುಂಬಿದರು. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. ಗಂಡ ಮಾತಿಗೆ ತಪ್ಪದ ಮನುಷ್ಯ. ಹಿಂದಿನ ಬಾಗಿಲು ತೆಗೆದು, ಯವ್ವಾ, ಈಗ ನಿನ್ನ ಪಾಳಿ ಅಂದರು. ಅತ್ತೆ ಮಗಳನ್ನು ನನ್ನಿಂದ ಎತ್ತಿಕೊಂಡು, ಒಂದು ಗಳಿಗೆ ಎದೆಗೆ ಒತ್ತಿ ಹಿಡಿದು, ಹಿಂದುಮುಂದಾಗಿದ್ದ ಆ ಸೀಟಿನಲ್ಲಿ ತಾವೇ ಕೂರಿಸಿದರು. ಪಟ್ಟಿ ಎಳೆದು ಲಾಕು ಒತ್ತಿದರು.

"ಸಡ್ಲ ಐತೇನು ನೋಡು," ಎಂದು ನನ್ನನ್ನು ಕರೆದರು.

ನಾನು ಚಿವುಟಿ ನೋಡಿದೆ, ಸರಿಯಾಗಿತ್ತು. ಅತ್ತೆ ಪಕ್ಕದಲ್ಲಿ ಕೂತು ತಮ್ಮ ಬೆಲ್ಟ್ ಹಾಕಿಕೊಂಡರು. ಆಮೇಲೆ ಸೆರಗು ಬಿಚ್ಚಿ, ತವರಿನ ತೆಂಗಿನಕಾಯಿಯನ್ನು ತೆಗೆದು, ಬಗ್ಗಿ ಕಾಲ ಬಳಿ ಇಟ್ಟರು.