ಎರಡೇ ಮಾತಿನ ಭರಮಣ್ಣ

ಹನ್ನೊಂದು ವರ್ಷ ಭರಮಣ್ಣ ಈರಣ್ಣನೊಂದಿಗೆ ಆಡಿದ್ದು ಎರಡೇ ಮಾತು: ‘ನೀರ ಬಿಡು’, ‘ನೀರ ನಿಂದ್ರಸು’. ಇಬ್ಬರೂ ಬೆಳಗಾವಿಯ ಅಗ್ನಿಶಾಮಕ ಠಾಣೆಯಲ್ಲಿ ಒಂದೇ ಗಾಡಿಯ ಮೇಲಿದ್ದವರು. ಆ ಗಾಡಿ ಓಡಿಸುತ್ತಿದ್ದವನು ನಾನು. ಬೆಂಕಿಯ ಕರೆ ಬಂದರೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಮುಖ ಮಾತ್ರ ಒಂದು ಆ ಕಡೆ, ಒಂದು ಈ ಕಡೆ.

ಭರಮಣ್ಣ ಎತ್ತರದ, ಒಣಕಲು ಆಳು. ಜೈನರ ಮನೆಯವನಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದ. ನಾವೆಲ್ಲ ಆಮೇಲೆ ಗುಂಪಾಗಿ ಡಬ್ಬಿ ಬಿಚ್ಚಿದರೆ, ಅವನು ಸಂಜೆಯೇ ಒಬ್ಬನೇ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಆ ಹೊತ್ತಿಗೇ ಕರೆ ಬಂದರೆ ಮರುದಿನ ಬೆಳಗಿನವರೆಗೆ ಉಪವಾಸ. ‘ಹಸಿವು ಆಗಂಗಿಲ್ಲೇನೋ?’ ಎಂದು ಕೇಳಿದರೆ, ‘ಆಕ್ಕೈತಿ ಅಣ್ಣಾ. ಏನ ಮಾಡೂದು?’ ಅನ್ನುತ್ತಿದ್ದ. ಅಷ್ಟೇ.

ಮೊದಲು ಹೀಗಿರಲಿಲ್ಲ. ಅವನೂ ಈರಣ್ಣನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಏಣಿ ಹತ್ತುವುದರಲ್ಲಿ ಪೈಪೋಟಿ, ಪೈಪು ಬಿಚ್ಚುವುದರಲ್ಲಿ ಪೈಪೋಟಿ. ಸೋತವನು ಗೆದ್ದವನಿಗೆ ಚಹಾ ಕುಡಿಸಬೇಕು. ಒಮ್ಮೆ ಖಾನಾಪುರದಲ್ಲಿ ಬೆಂಕಿ ಆರಿಸುವಾಗ ಭರಮಣ್ಣನ ಕೈ ಸುಟ್ಟಿತು. ಅಲ್ಲಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ನರ್ಸ್ ಸುನಂದಾ. ಕೈ ವಾಸಿಯಾದ ಮೇಲೂ ಅವನು ರಜೆ ಸಿಕ್ಕಾಗಲೆಲ್ಲ ಖಾನಾಪುರದ ಬಸ್ಸು ಹತ್ತುತ್ತಿದ್ದ. ಅವಳಿಗೂ ಮನಸ್ಸಿತ್ತು. ಆದರೆ ಅವಳ ತಂದೆ, ಕೊಟ್ಟರೆ ತಮ್ಮ ಲಿಂಗಾಯತರಲ್ಲೇ ಕೊಡುವುದೆಂದು ಹಟ ಹಿಡಿದರು. ಸಂಬಂಧ ಹುಡುಕಿಕೊಂಡು ಬಂದದ್ದು ಈರಣ್ಣನ ಮನೆಗೆ. ಎಲ್ಲ ಗೊತ್ತಿದ್ದೂ ಅವನು ಒಪ್ಪಿಕೊಂಡ. ಗೆಳೆಯನಿಗೆ ಒಂದು ಮಾತು ಹೇಳಲಿಲ್ಲ. ಠಾಣೆಯ ಮೇಜಿನ ಮೇಲೆ ಲಗ್ನಪತ್ರಿಕೆ ಕಂಡಾಗಲೇ ಭರಮಣ್ಣನಿಗೆ ತಿಳಿದದ್ದು.

ಹೀಗೆ ಮಾತು ಬಿಟ್ಟ ಹನ್ನೊಂದನೇ ವರ್ಷ, ಗುಂಜಿಯ ಹತ್ತಿರ ಕಟ್ಟಿಗೆ ಅಡ್ಡೆಗೆ ಬೆಂಕಿ ಬಿದ್ದ ಮಧ್ಯಾಹ್ನ ಈರಣ್ಣ ಮೊದಲು ಒಳಗೆ ನುಗ್ಗಿದ. ಉರಿಯುವ ತೊಲೆಯೊಂದು ಮುರಿದು ಅವನ ಕಾಲ ಮೇಲೆ ಬಿತ್ತು. ಭರಮಣ್ಣ ಹೊಗೆಯೊಳಗೆ ಹೋಗಿ ಅವನನ್ನು ಹೊತ್ತು ತಂದ. ಜೀವ ಉಳಿಯಿತು, ಕಾಲು ಸೆಟೆದೇ ಹೋಯಿತು. ಊರೆಲ್ಲ ಭರಮಣ್ಣನನ್ನು ಹೊಗಳಿತು. ಈರಣ್ಣ ಕೆಲಸ ಬಿಟ್ಟು ಖಾನಾಪುರದಲ್ಲಿ ನೆಲೆಸಿದ; ಪ್ರತಿ ಹಬ್ಬಕ್ಕೂ ಭರಮಣ್ಣನಿಗೆ ಕರೆ ಕಳಿಸುತ್ತಿದ್ದ. ಇವನು ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ನಿವೃತ್ತನಾದ ಮೇಲೆ ಮಹಾಂತೇಶ ನಗರದಲ್ಲಿ ಒಂದು ಕೋಣೆ ಹಿಡಿದು ಇದ್ದುಬಿಟ್ಟ.

ಹೋದ ಬೇಸಿಗೆಯಲ್ಲಿ ಆ ಕೋಣೆಗೆ ಹೋಗಿದ್ದಾಗ ಒಮ್ಮೆಲೇ ಹೇಳಿದ: ‘ದಸ್ತಗೀರಣ್ಣ, ಅವತ್ತ ನಾ ಬಾಗಲದಾಗ ನಿಂತಿದ್ದೆ. ಅಂವ ಒಳಗ ಒದರಾಕತ್ತಿದ್ದ. ಹೋಗದಿದ್ರ ಏನಾಕ್ಕೈತಿ ಅಂತ ಅನಿಸ್ತು. ಲಗೂನ ಹೋಗಿದ್ರ ಅವನ ಕಾಲ ಉಳೀತಿತ್ತೋ ಏನೋ.’

ಮರುದಿನ ನಾನೇ ಅವನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ಬಾಗಿಲು ತೆರೆದ ಸುನಂದಾ ‘ಬರ್ರಿ, ಕುಂದರ್ರಿ’ ಅಂದಳು. ಹಾಗೆಯೇ ಚಹಾಕ್ಕೆಂದು ಒಳಗೆ ಹೋದಳು. ಭರಮಣ್ಣ ಕೂರಲಿಲ್ಲ. ನಿಂತಲ್ಲೇ ಈರಣ್ಣನಿಗೆ ಎಲ್ಲವನ್ನೂ ಹೇಳಿದ.

ಈರಣ್ಣ ಕಾಲು ನೀವಿಕೊಳ್ಳುತ್ತ ಕೇಳಿಸಿಕೊಂಡ. ‘ನಂಗ ಗೊತ್ತೈತಿ. ನಾ ನೆಲಕ್ಕ ಬಿದ್ದಿದ್ದೆ, ಹೊಗಿ ಮ್ಯಾಲಿತ್ತು. ಕೆಳಗಿಂದ ನಿನ್ನ ಬೂಟು ಕಾಣತಿದ್ವು. ನಿಂತಿದ್ವು. ಆಮ್ಯಾಲ ಬಂದ್ವು.’

‘ಗೊತ್ತಿದ್ದೂ ಹಬ್ಬಕ್ಕ ಕರದ್ಯಾ?’

‘ಕಡೀಕ ಒಳಗ ಬಂದ್ಯಲ್ಲೋ ಮಾರಾಯಾ! ನಾ ಮಾಡಿದ ಮೋಸಕ್ಕ ಬ್ಯಾರೆಯಾಂವ ಆಗಿದ್ರ ಬರತಾನ ಇದ್ದಿದ್ದಿಲ್ಲ.’

ಸುನಂದಾ ತಂದ ಚಹಾವನ್ನು ಮೂವರೂ ಕುಡಿದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಭರಮಣ್ಣ ಒಂದೇ ಸಲ ಬಾಯಿ ಬಿಟ್ಟ: ‘ಎಷ್ಟ ಹಬ್ಬ ಹೋದ್ವು ನೋಡು, ಅಣ್ಣಾ.’

ಆ ವರ್ಷದ ನಾಗರ ಪಂಚಮಿಗೆ ಖಾನಾಪುರಕ್ಕೆ ಹೋಗಲು ಒಪ್ಪಿದ್ದ. ಪಂಚಮಿಗೆ ಎಂಟು ದಿನ ಮೊದಲೇ ತೀರಿಕೊಂಡ.

ಹಬ್ಬದ ದಿನ ಈರಣ್ಣನ ಫೋನು ಬಂತು. ‘ಆಕಿ ಅವನ ಪಾಲಿಂದೂ ಉಂಡಿ ಕಟ್ಯಾಳ್ರೀ. ನೀವಾದ್ರೂ ಬರ್ರಿ’ ಎಂದ.