ವೈಂಡಿಂಗ್ ಅಕ್ಕ ಮತ್ತು ಗುಡ್ಡದಾಚೆಯ ಕ್ಷೀಣ ದನಿ

ಮೊದಲ ಮಾತುಕತೆ ನಿಗದಿಯಾದದ್ದು ರೇಡಿಯೋದಲ್ಲಿ. ಅದಕ್ಕೂ ಮುಂಚೆ ನಾನು ವೈಂಡಿಂಗ್ ಅಕ್ಕನಿಗೆ ಎರಡು ಪತ್ರ ಬರೆದಿದ್ದೆ, ಉತ್ತರ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದಾಗಲೆಲ್ಲ ಗಂಟೆ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಸುತ್ತು ಎಣಿಸುತ್ತಿರುವಾಗ ಮನೆಗೆ ಬೆಂಕಿ ಬಿದ್ದರೂ ಅವರು ಫೋನ್ ಎತ್ತುವುದಿಲ್ಲ ಎಂಬ ವಿಷಯ ನನಗೆ ಆಮೇಲೆ ತಿಳಿಯಿತು. ಕೊನೆಗೆ ಅವರ ಹವ್ಯಾಸಿ ರೇಡಿಯೋ ಬಳಗದ ಹಿರಿಯ ಸದಸ್ಯರಾದ, ನಿವೃತ್ತ ಭೂಗೋಳದ ಮೇಷ್ಟ್ರು ಒಂದು ಉಪಾಯ ಹೂಡಿದರು. ಬಳಗದವರೆಲ್ಲ ದಿನವೂ ಸಂಜೆ ಒಂದೇ ಆವರ್ತನದಲ್ಲಿ ಸೇರಿ ಹಾಜರಿ ಹೇಳುವ ಹೊತ್ತಿನಲ್ಲಿ, ವಿಶ್ವವಿದ್ಯಾಲಯದಿಂದ ಒಬ್ಬರು ಬಂದಿದ್ದಾರೆ, ಅಕ್ಕನ ಜೀವನ ದಾಖಲಿಸಬೇಕಂತೆ ಎಂದು ಎಲ್ಲರೆದುರೇ ಕೇಳಿಬಿಟ್ಟರು.

ಗರಗರದ ನಡುವೆ ಅಕ್ಕನ ದನಿ ಬಂತು: "ಮೇಷ್ಟ್ರೇ, ಇಷ್ಟು ಜನ ಕಿವಿ ಕೊಟ್ಕೊಂಡು ಕೂತಿರುವಾಗ ಕೇಳಿದ್ರೆ ಆಗಲ್ಲ ಅನ್ನೋಕಾಗುತ್ತಾ? ಗುರುವಾರ ಬರೋಕೆ ಹೇಳಿ. ನಾನು ಎಣಿಸ್ತಿರುವಾಗ ಮಾತ್ರ ಬಾಯಿ ಬಿಡಬಾರದು."

ಮೇಷ್ಟ್ರು ನನ್ನತ್ತ ತಿರುಗಿ, "ಗೆದ್ರಿ," ಎಂದರು.

ಅಂಗಡಿ ಒಂದೇ ಕೋಣೆಯದು. ಗೋಡೆಯುದ್ದಕ್ಕೂ ತಂತಿಯ ಉರುಳೆಗಳು, ನೆಲದಲ್ಲಿ ಹೊಟ್ಟೆ ಬಗೆದ ಪಂಪುಗಳು, ವಾರ್ನಿಷ್ ವಾಸನೆ. ನಡುವೆ ಒಂದು ಮರದ ಪರದೆ; ಅದರಾಚೆ ಗಂಡನ ಹೊಲಿಗೆ ಯಂತ್ರ. ಆಗ ಅಕ್ಕನಿಗೆ ಅರವತ್ತನಾಲ್ಕು ವರ್ಷ. ಊರಿನಲ್ಲಿ ದೊಡ್ಡವರು, ಚಿಕ್ಕವರು, ಅವರಿಗಿಂತ ಹಿರಿಯರು ಕೂಡ ಅವರನ್ನು "ವೈಂಡಿಂಗ್ ಅಕ್ಕ" ಎಂದೇ ಕರೆಯುತ್ತಿದ್ದರು. ಹಾಗೆ ಕರೆಯದೆ ಇದ್ದವರು ಒಬ್ಬರೇ: ಗುಡ್ಡದಾಚೆಯ ಕೆಳಕಣಿವೆಯಲ್ಲಿದ್ದ ಅವರ ಸ್ವಂತ ತಮ್ಮ.

ಪರದೆಯಾಚೆಯಿಂದ ಗಂಡ ಹೇಳಿದರು: "ಬರ್ಕೊಳ್ಳಿ. ಇವಳು ತಾಮ್ರಕ್ಕೆ ಕೊಟ್ಟ ಮರ್ಯಾದೇಲಿ ಅರ್ಧ ನನಗೆ ಕೊಟ್ಟಿದ್ರೆ ನಾನು ಈ ಹೊತ್ತಿಗೆ ಮಹಾರಾಜ."

"ನೀವೂ ತಾಮ್ರದ ಹಾಗೆ ಹೇಳಿದ ಕಡೆ ಬಗ್ಗಿದ್ರೆ ಕೊಡ್ತಿದ್ದೆ," ಎಂದರು ಅಕ್ಕ, ತಲೆ ಎತ್ತದೆ.

ಅಕ್ಕ, ತಮ್ಮ ಇಬ್ಬರಿಗೂ ರೇಡಿಯೋ ಹಚ್ಚಿದವರು ಅವರ ತಂದೆ. ಕೆಳಕಣಿವೆಯ ಮನೆಯ ಹಿತ್ತಲಿನಲ್ಲಿ ಅವರು ಕೈಯಾರೆ ನಿಲ್ಲಿಸಿದ್ದ ಕಬ್ಬಿಣದ ಆಂಟೆನಾ ಕಂಬದ ಬುಡದಲ್ಲೇ ಮಕ್ಕಳಿಬ್ಬರೂ ಆಡಿ ಬೆಳೆದರು. ತಂದೆ ತೀರಿಕೊಂಡ ಮಾರನೆಯ ವರ್ಷ ತಮ್ಮ ಆ ಕಂಬವನ್ನು ಕುಯ್ಯಿಸಿ ಕಿಟಕಿಗಳಿಗೆ ಸರಳು ಮಾಡಿಸಿದರು. ಅಕ್ಕ ಆ ಮನೆಯ ಮೆಟ್ಟಿಲು ಹತ್ತುವುದನ್ನು ಅಂದಿಗೇ ಬಿಟ್ಟರು. ನಾನು ಈ ಸಂಗತಿಯನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ದಾಖಲಿಸಿದ್ದೇನೆ. "ಅಪ್ಪ ನಿಲ್ಲಿಸಿದ್ದನ್ನ ಕುಯ್ಯೋಕೆ ಅವನಿಗೆ ಕೈಯಾದ್ರೂ ಹೇಗೆ ಬಂತು?" ಎಂಬುದು ಅಕ್ಕನ ಮಾತು. "ಬುಡ ತುಕ್ಕು ತಿಂದು ವಾಲಿತ್ತು. ಪಕ್ಕದ ಮನೆ ಮೇಲೆ ಬಿದ್ದಿದ್ರೆ?" ಎಂಬುದು ತಮ್ಮನದು.

ಆದರೂ ಸಂಜೆಯ ಹಾಜರಿಯಲ್ಲಿ ಅವರಿಬ್ಬರೂ ದಿನವೂ ಮಾತಾಡುತ್ತಿದ್ದರು. ರೇಡಿಯೋದ ಶಿಸ್ತೇ ಹಾಗೆ. ಒಂದು ಕೇಂದ್ರ ಕರೆದರೆ ಇನ್ನೊಂದು ಓಗೊಡಬೇಕು. ಜಗಳವಿದೆ ಎಂದು ಸುಮ್ಮನಿರುವಂತಿಲ್ಲ. ಹಾಜರಿ ನಡೆಸುತ್ತಿದ್ದವರು ಅಕ್ಕನೇ. ಅವರು ತಮ್ಮನ ಕೇಂದ್ರವನ್ನು ಕಡೆಯಲ್ಲಿ ಅದರ ಪರವಾನಗಿ ಸಂಕೇತದಿಂದ ಕರೆಯುತ್ತಿದ್ದರು, ಅಲ್ಲಿನ ಹವಾಮಾನ ತಮ್ಮ ಹೇಳುತ್ತಿದ್ದರು, ಅಕ್ಕ ದನಿ ಹೇಗೆ ತಲುಪಿತು ಎಂಬುದಕ್ಕೆ ಅಂಕ ಕೊಡುತ್ತಿದ್ದರು. ಅಲ್ಲಿಗೆ ಮುಗಿಯಿತು. "ಬದುಕಿದ್ದಾನೆ ಅಂತ ಗೊತ್ತಾಗ್ತಿತ್ತು, ಸಾಕಲ್ಲ," ಎಂದು ಅಕ್ಕ ನನಗೆ ಹೇಳಿದರು. ಹೇಳಿ, ಎಣಿಕೆ ತಪ್ಪಿತೆಂದು ಸುರುಳಿಯನ್ನು ಪೂರ್ತಿ ಬಿಚ್ಚಿದರು.

ಈ ಎಳೆ ಉಳಿದಿದ್ದದ್ದು ರಿಪೀಟರಿನಿಂದ. ನಡುವೆ ಗುಡ್ಡವಿದ್ದುದರಿಂದ ನೇರವಾಗಿ ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ. ಊರಿನ ಎತ್ತರದ ನೀರಿನ ತೊಟ್ಟಿಯ ನೆತ್ತಿಯಲ್ಲಿ, ಪಾರಿವಾಳದ ಗೂಡಿನಷ್ಟೇ ಇದ್ದ ಕೋಣೆಯೊಂದರಲ್ಲಿ, ಅಕ್ಕ ಬಳಗದವರೊಡನೆ ಕೂಡಿ ಕಟ್ಟಿದ ಯಂತ್ರವಿತ್ತು. ಅದು ಒಂದು ಆವರ್ತನದಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದು ಆವರ್ತನದಲ್ಲಿ ಗಟ್ಟಿಯಾಗಿ ಹೇಳುತ್ತದೆ. ಒಂದೇ ಆಂಟೆನಾದಲ್ಲಿ ಕಿವಿಯೂ ಬಾಯಿಯೂ ಒಟ್ಟಿಗೆ ಕೆಲಸ ಮಾಡಬೇಕು; ತನ್ನ ಬಾಯಿಯ ಅಬ್ಬರ ತನ್ನ ಕಿವಿಗೆ ನುಗ್ಗಬಾರದು. ಅದನ್ನು ತಡೆಯಲು ಹಾಲಿನ ಕ್ಯಾನಿನಂಥ ಲೋಹದ ಕೊಳವೆಗಳನ್ನು ಅಕ್ಕ ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಹದಗೊಳಿಸಿದ್ದರು.

2019ರ ಜುಲೈ ತಿಂಗಳಲ್ಲಿ ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಪ್ರವಾಹದ ಅಣಕು ಕಸರತ್ತಿನ ಪೂರ್ವಾಭ್ಯಾಸ ಏರ್ಪಡಿಸಿದರು. ಕೆಳಕಣಿವೆಯ ಮಳೆ, ಹೊಳೆಮಟ್ಟದ ಅಂಕಿಗಳನ್ನು ಅಕ್ಕನ ತಮ್ಮ ಅಲ್ಲಿಂದ ರೇಡಿಯೋದಲ್ಲಿ ಓದಬೇಕು, ಊರಿನಲ್ಲಿ ಬರೆದುಕೊಳ್ಳಬೇಕು. ತಮ್ಮ ಓದಿದರು. ಬಂದದ್ದು ಹುರಿಗಡಲೆ ಜಗಿದ ಸದ್ದು. ಮೂರು ಸಲ ಓದಿಸಿದರೂ ಒಂದು ಅಂಕಿಯೂ ದಕ್ಕಲಿಲ್ಲ.

ಎಂಜಿನಿಯರ್ ಕೇಳಿದರು: "ದಿನಾ ಸಂಜೆ ಇವರ ಜೊತೆ ಮಾತಾಡ್ತೀರಿ ಅಂದ್ರಲ್ಲ?"

"ಆಡ್ತೀವಿ," ಎಂದರು ಮೇಷ್ಟ್ರು.

"ಇದೇ ಥರಾನಾ?"

ದನಿ ಎಷ್ಟು ತಿಳಿಯಾಗಿದೆ ಎಂಬುದಕ್ಕೆ ಐದರಲ್ಲಿ, ಎಷ್ಟು ಬಲವಾಗಿದೆ ಎಂಬುದಕ್ಕೆ ಒಂಬತ್ತರಲ್ಲಿ ಅಂಕ ಕೊಡುವುದು ಹವ್ಯಾಸಿಗಳ ವಾಡಿಕೆ. ಎಲ್ಲರಿಗೂ ಕಣ್ಣು ಮುಚ್ಚಿ "ಐದು-ಒಂಬತ್ತು" ಎಂದುಬಿಡುವುದು ಆ ಬಳಗದ ಸೌಜನ್ಯವಾಗಿ ಬೆಳೆದಿತ್ತು. ಕಡಿಮೆ ಹೇಳಿದರೆ ಎದುರಿನವರ ಅಡುಗೆಗೆ ಉಪ್ಪು ಕಡಿಮೆ ಎಂದ ಹಾಗೆ. ತಮ್ಮ ದಿನವೂ ಹೇಳುತ್ತಿದ್ದದ್ದು ಬಿಸಿಲು, ಮೋಡ, ಗಾಳಿ, ಇಷ್ಟೇ. ಅರ್ಧ ಕೇಳಿಸಿದರೆ ಉಳಿದರ್ಧವನ್ನು ಊಹಿಸಬಹುದಿತ್ತು. ಅಂಕಿಗಳನ್ನು ಊಹಿಸಲು ಬರುವುದಿಲ್ಲ. ಅಕ್ಕನ ವಿಷಯದಲ್ಲಿ ಇನ್ನೂ ಒಂದು ಕಾರಣವಿತ್ತು. ಕೇಳಿಸಲಿಲ್ಲ ಎಂದರೆ ಇನ್ನೊಮ್ಮೆ ಹೇಳು ಎನ್ನಬೇಕು, ಮಾತು ಬೆಳೆಯುತ್ತದೆ. ಐದು-ಒಂಬತ್ತು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಸೆಪ್ಟೆಂಬರಿನ ನಿಜವಾದ ಕಸರತ್ತಿನಲ್ಲೂ ಹೀಗೇ ಆದರೆ ಯಂತ್ರವನ್ನು ಇಳಿಸಿ ಕೋಣೆ ತೆರವು ಮಾಡಬೇಕು, ಅಲ್ಲಿ ಇಲಾಖೆಯ ಪೆಟ್ಟಿಗೆ ಕೂರಿಸುತ್ತೇನೆ ಎಂದು ಎಂಜಿನಿಯರ್ ಕಡ್ಡಿ ಮುರಿದಂತೆ ಹೇಳಿದರು. ಬಳಗಕ್ಕೆ ಹೋಗುವುದು ಒಂದು ರಿಪೀಟರ್. ಅಕ್ಕನಿಗೆ ಹೋಗುವುದು ಏನೆಂಬುದು ಗಂಡನಿಗೆ ಗೊತ್ತಿತ್ತು. "ಆ ವಾರ ಇವಳು ಊಟದ ತಟ್ಟೆ ಮುಂದೆ ಕೂತು ಗೋಡೆ ನೋಡ್ತಿದ್ದಳು," ಎಂದು ಅವರು ನನಗೆ ಹೇಳಿದ್ದಾರೆ.

ಅಕ್ಕ ತೊಟ್ಟಿಯ ಏಣಿಯನ್ನು ಎಷ್ಟು ಸಲ ಹತ್ತಿಳಿದರೋ ಲೆಕ್ಕವಿಲ್ಲ. ಕೊಳವೆಗಳನ್ನು ಮತ್ತೆ ಹದಗೊಳಿಸಿದರು, ತಂತಿ ಬದಲಿಸಿದರು, ಬೆಸುಗೆಗಳನ್ನು ಕೆದಕಿ ಹೊಸದಾಗಿ ಹಾಕಿದರು. ಮೇಷ್ಟ್ರು ಊರಿನ ಬೀದಿಬೀದಿಯಿಂದ ಮಾತಾಡಿ ಪರೀಕ್ಷಿಸಿದರು. ಪ್ರತಿ ಸಲವೂ ಗಂಟೆ ಬಾರಿಸಿದಷ್ಟು ಸ್ಪಷ್ಟ. ಊರಿನ ಯಾವ ಮೂಲೆಯಿಂದಲೂ ತೊಟ್ಟಿ ಕಾಣುತ್ತದೆ. ಅಷ್ಟು ಹತ್ತಿರದಿಂದ ಬರುವ ಬಲವಾದ ದನಿಗೆ ಯಂತ್ರದ ರೋಗ ತಾಕುತ್ತಲೇ ಇರಲಿಲ್ಲ. ರೋಗ ಕಾಣಬೇಕಾದರೆ ಗುಡ್ಡ ಬಳಸಿ ಸೋತು ಬರುವ ಕ್ಷೀಣ ದನಿಯೇ ಬೇಕು. ಅಂಥ ದನಿ ಇದ್ದದ್ದು ಒಂದೇ. ಇನ್ನೊಂದು ತೊಡಕೂ ಇತ್ತು: ಪರೀಕ್ಷೆಗಾಗಿ ಯಂತ್ರದ ಬಾಯಿ ಮುಚ್ಚಿದರೆ ಅಕ್ಕ ಹೇಳುವುದು ತಮ್ಮನಿಗೆ ಮುಟ್ಟುವುದಿಲ್ಲ. ಫೋನ್ ಮಾಡದೆ ಗತ್ಯಂತರವಿರಲಿಲ್ಲ.

ಅವರು ಫೋನ್ ಹಿಡಿದು ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು. ಗಂಡ ಪರದೆಯಾಚೆಯಿಂದಲೇ, "ನಂಬರ್ ಮರೆತಿದ್ರೆ ನಾನು ಹೇಳ್ತೀನಿ," ಎಂದರು.

"ನಿಮ್ಮ ಕತ್ತರಿ ಕೆಲಸ ನೀವು ನೋಡ್ಕೊಳ್ಳಿ."

ಫೋನ್ ಎತ್ತಿದವರು ತಮ್ಮನ ಹೆಂಡತಿ. ದನಿ ಗುರುತಿಸಿ, "ಅತ್ತಿಗೆ! ಯಾರಿಗೇನಾಯ್ತು?" ಎಂದು ಗಾಬರಿಯಾದರು.

"ಯಾರಿಗೂ ಏನೂ ಆಗಿಲ್ಲ ಕಣೇ. ಯಂತ್ರಕ್ಕೆ ಆಗಿದೆ. ಅವನನ್ನ ಕರಿ."

ಮಾರನೆಯ ಮಧ್ಯಾಹ್ನ ಅಕ್ಕ ತೊಟ್ಟಿಯ ಮೇಲಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂತರು. ಮೇಷ್ಟ್ರು ಮನೆಯಲ್ಲಿ ರೇಡಿಯೋ ಹಚ್ಚಿಟ್ಟುಕೊಂಡರು. ತಮ್ಮನಿಗೆ ಫೋನಿನಲ್ಲಿ ಸಿಕ್ಕ ಅಪ್ಪಣೆ ಒಂದೇ: ನಾನು ಸಾಕು ಅನ್ನುವವರೆಗೆ ರೇಡಿಯೋದಲ್ಲಿ ಮಾತಾಡ್ತಾ ಇರು.

"ಏನು ಮಾತಾಡ್ಲಿ?"

"ಏನಾದ್ರೂ. ಒಂದು, ಎರಡು ಅಂತ ಎಣಿಸಬೇಡ. ಮುಂದಿನದ್ದು ನನಗೆ ಮೊದಲೇ ಗೊತ್ತಾಗಿಬಿಡುತ್ತೆ."

ತಮ್ಮ ಮೊದಲು ಕುಕ್ಕರಿನ ಜೊತೆ ಬಂದ ಸೂಚನೆಗಳನ್ನು ಓದಿದರು. ಅದು ಮುಗಿಯಿತು. ಆಮೇಲೆ ಕಂಬದ ಮಾತು ತೆಗೆದರು. ಕಂಬ ವಾಲಿದ ವಾರ ನಿನ್ನ ಅಂಗಡಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದೆ, ಯಾರೂ ಎತ್ತಲಿಲ್ಲ ಎಂದರು. ಕುಯ್ಯುವವನು ಬಂದಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಬ್ಬಿಣವನ್ನು ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ, ಮನೆಯಲ್ಲೇ ಇರಲಿ ಎಂದು ಸರಳು ಮಾಡಿಸಿದೆ ಎಂದರು. ಯಂತ್ರದ ಬಾಯಿ ಮುಚ್ಚಿತ್ತು, ಕಿವಿ ತೆರೆದಿತ್ತು. ಪ್ರತಿ ಅಕ್ಷರವೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೋಣೆಗೆ ಬಂತು. ಬದಲು ಹೇಳುವ ದಾರಿ ಅಕ್ಕನಿಗೆ ಇರಲಿಲ್ಲ. ಫೋನಿನಲ್ಲಿ ಮಾತಾಡಿದರೆ ಪರೀಕ್ಷೆ ಕೆಡುತ್ತದೆ. ಕೇಳಿದರು.

ಆಮೇಲೆ ಯಂತ್ರದ ಬಾಯಿ ತೆರೆದರು. ಕಂಬದ ಮಾತನ್ನೇ ಮುಂದುವರಿಸಿದ್ದ ತಮ್ಮನ ದನಿ ಗರಗರದಲ್ಲಿ ಮುಳುಗಿತು. ಮುಚ್ಚಿದರೆ ತಿಳಿ, ತೆರೆದರೆ ಗರಗರ. ಹಾಗಾದರೆ ಬಾಯಿಯ ಅಬ್ಬರ ಎಲ್ಲೋ ಹೊರಗಿನಿಂದ ಸುತ್ತಿಕೊಂಡು ಕಿವಿಗೆ ಬರುತ್ತಿದೆ. ಅಕ್ಕ ಗಂಡನ ಅಂಗಡಿಯಿಂದ ತಂದಿದ್ದ ಮರದ ಗಜಕಡ್ಡಿ ಹಿಡಿದು ಹೊರಗೆ ಬಂದರು. ಆಂಟೆನಾದ ಸುತ್ತಲಿನ ಒಂದೊಂದೇ ಲೋಹದ ತುಂಡನ್ನು ತಟ್ಟುತ್ತ ಹೋದರು. ಕಟಕಟೆಗೆ ತಟ್ಟಿದಾಗ ಏನೂ ಆಗಲಿಲ್ಲ. ಏಣಿಗೆ ತಟ್ಟಿದಾಗಲೂ ಇಲ್ಲ. ಏಣಿಯ ಬಾಯಿಗೆ ಅಡ್ಡ ಕಟ್ಟಿದ್ದ ಸರಪಳಿಗೆ ತಟ್ಟಿದಾಗ ಗರಗರ ಒಮ್ಮೆಲೇ ಏರಿ ಇಳಿಯಿತು. ತುಕ್ಕು ಹಿಡಿದ ಕೊಂಡಿಗಳು ಒಂದಕ್ಕೊಂದು ಉಜ್ಜಿ, ಆಂಟೆನಾದ ಶಕ್ತಿಯಲ್ಲಿ ಕಿಡಿಕಿಡಿಯಾಗಿ ಸದ್ದು ಹುಟ್ಟಿಸುತ್ತಿದ್ದವು. ಸರಪಳಿ ಬಿಚ್ಚಿ ಆ ಜಾಗಕ್ಕೆ ನೈಲಾನ್ ಹಗ್ಗ ಬಿಗಿದರು. ಬಾಯಿ ತೆರೆದೇ ಇದ್ದರೂ ತಮ್ಮನ ಮಾತು ತಿಳಿಯಾಗಿ ನಿಂತಿತು.

"ಸಾಕು," ಎಂದು ಅಕ್ಕ ಫೋನಿನಲ್ಲಿ ಹೇಳಿದರು.

"ಸಿಕ್ತಾ?"

"ಸಿಕ್ತು. ಸರಪಳಿ."

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಕಣೋ. ಫೋನ್ ಎತ್ತಿರಲ್ಲ ನಾನು, ಎಣಿಸ್ತಿರ್ತೀನಲ್ಲ." ಆಮೇಲೆ ಸೇರಿಸಿದರು: "ಬಾಯಿ ತೆರೆದ ಮೇಲೆ ಊರಿಗೂ ಕೇಳಿಸಿದೆ."

ಮೇಷ್ಟ್ರನ್ನು ನಾನು ಈ ಬಗ್ಗೆ ವಿಚಾರಿಸಿದೆ. ಮನೆಯ ಮಾತೆಂದು ತಿಳಿದ ಕೂಡಲೇ ರೇಡಿಯೋ ಆರಿಸಿದೆನೆಂದು ಅವರು ಹೇಳಿದರು. "ಕೂಡಲೇ ಅಂದ್ರೆ, ಪೂರ್ತಿ ಕೂಡಲೇ ಅಲ್ಲ," ಎಂದೂ ಸೇರಿಸಿದರು.

ಕಳಚಿದ ಸರಪಳಿಯನ್ನು ಅಕ್ಕ ಎಂಜಿನಿಯರರ ಮೇಜಿನ ಮೇಲಿಟ್ಟರು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಹಾಕಿಸಿದ್ದು ನಾನೇ, ಜನವರಿಯಲ್ಲಿ. ಹಳೇದೊಂದು ಉಗ್ರಾಣದಲ್ಲಿ ಬಿದ್ದಿತ್ತು. ಯಾರೂ ಬೀಳದಿರ್ಲಿ ಅಂತ," ಎಂದು ನಕ್ಕುಬಿಟ್ಟರು. ಕಸರತ್ತಿನ ದಿನ ತಪ್ಪದೆ ಬನ್ನಿ ಎಂದರು.

ಸೆಪ್ಟೆಂಬರ್ 22ರ ಭಾನುವಾರ ಕಸರತ್ತು ನಡೆಯಿತು. ಅಂಕಿಗಳನ್ನು ತಮ್ಮ ಒಂದೇ ಸಲ ಓದಿದರು. ಊರಿನಲ್ಲಿ ಬರೆದುಕೊಂಡದ್ದಕ್ಕೂ ಅವರ ಪ್ರತಿಗೂ ಒಂದು ಸೊನ್ನೆಯ ವ್ಯತ್ಯಾಸವೂ ಇರಲಿಲ್ಲ. ಎಂಜಿನಿಯರ್ ಅಲ್ಲೇ ನಿಂತು, ಕೋಣೆಯ ಅನುಮತಿಯನ್ನು ಐದು ವರ್ಷಕ್ಕೆ ವಿಸ್ತರಿಸುವುದಾಗಿ ಹೇಳಿದರು. ಹಾಜರಿಯ ಕೊನೆಯಲ್ಲಿ ಅಕ್ಕ ತಮ್ಮನಿಗೆ ಕೊಟ್ಟ ಅಂಕ ನಾಲ್ಕು-ಐದು. ಬಳಗದವರು ಒಂದು ಕ್ಷಣ ಬೆಚ್ಚಿದರು.

"ಉಳಿದ ಅಂಕ ಎಲ್ಲಿ ಹೋಯ್ತು?" ಎಂದು ತಮ್ಮ ಕೇಳಿದರು.

"ನಿನ್ನ ಆಂಟೆನಾ ಮಾಡಿನ ಕೆಳಗಿದೆ. ಮೇಲೆ ಹತ್ತಿಸು, ಕೊಡ್ತೀನಿ."

"ಒಬ್ಬನೇ ಹತ್ತಿಸೋಕಾಗಲ್ಲ ಅಕ್ಕ."

ಅಕ್ಕ ಮೈಕಿನ ಗುಂಡಿ ಒತ್ತಿ, "ಬರ್ತೀನಿ. ಹಗ್ಗ ನಾನು ತರ್ತೀನಿ, ನಿನ್ನ ಹತ್ರ ಇರೋದು ಲಡ್ಡಾಗಿರುತ್ತೆ," ಎಂದರು.

ದಾಖಲೆಗೆ: 2019ರ ಅಕ್ಟೋಬರ್ 6, ಭಾನುವಾರ. ಅಕ್ಕ ಮತ್ತು ಅವರ ಗಂಡ ಬೆಳಗಿನ ಬಸ್ಸಿನಲ್ಲಿ ಕೆಳಕಣಿವೆಗೆ ಹೋದರು. ಆ ಸಂಜೆಯ ಹಾಜರಿಯನ್ನು ಮೇಷ್ಟ್ರು ನಡೆಸಿದರು. ಕೆಳಕಣಿವೆಯ ಕೇಂದ್ರದಿಂದ ಅಕ್ಕ, ತಮ್ಮ ಇಬ್ಬರೂ ಒಂದೇ ಮೈಕಿನಲ್ಲಿ ಹಾಜರಿ ಹೇಳಿದರು.