ಸ್ವೆಟರಿಗೆ ಅಂಟಿದ ಕೂದಲು

ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಚಳಿಗಾಲ ಬಂತೆಂದರೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣಗಿದ ತಲೆಗೂದಲಿಗೆ ಉಜ್ಜಿ, ಕಾಗದದ ಚೂರುಗಳ ಹತ್ತಿರ ಹಿಡಿಯುತ್ತೇನೆ. ಚೂರುಗಳು ಟಪಕ್ಕನೆ ಹಾರಿ ಅಂಟುತ್ತವೆ. ವಿದ್ಯುದಾವೇಶ ಇರುವುದು ಬಾಚಣಿಗೆಯಲ್ಲಿ, ಕಾಗದದಲ್ಲಿ ಏನೂ ಇಲ್ಲ, ಆದರೂ ಅದನ್ನು ಎಳೆದುಕೊಳ್ಳುತ್ತದೆ ಎಂದು ದೊಡ್ಡ ಗತ್ತಿನಿಂದ ಹೇಳುತ್ತೇನೆ. ಎಣ್ಣೆ ಹಚ್ಚಿದ ತಲೆಯಲ್ಲಿ ಈ ಆಟ ನಡೆಯುವುದಿಲ್ಲ.

ನಮ್ಮವ್ವ ಜನ್ಮವೆಲ್ಲ ತಲೆತುಂಬ ಎಣ್ಣೆ ಹಚ್ಚಿಕೊಂಡವಳು. ಕಳೆದ ವರ್ಷ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಔಷಧ ಏರಿಸತೊಡಗಿದ ಮೇಲೆ ಎಣ್ಣೆಯ ವಾಸನೆಗೇ ಹೊಟ್ಟೆ ತೊಳಸಿ ಅದನ್ನು ಬಿಟ್ಟಳು. ಮೊದಲೇ ಹೇಳಿದ್ದಳು:

“ಸೂಜಿ ಚುಚ್ಚಲಿ, ಏನರೆ ಮಾಡಲಿ. ತಲಿ ಬೋಳ ಆಗೂದಾದ್ರ ಮಾತ್ರ ನಾ ಬರಾಂಗಿಲ್ಲ ನೋಡಪ.”

“ಹಂಗೇನ ಆಗಾಂಗಿಲ್ಲವ್ವ,” ಎಂದೆ. ಆಗುತ್ತದೆಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದರು. ಔಷಧ ನಿಂತರೆ ಅವ್ವ ಉಳಿಯುವುದಿಲ್ಲವೆಂದೂ ಹೇಳಿದ್ದರು.

ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ, ನಾನೇ ತಲೆ ಬಾಚುತ್ತಿದ್ದೆ. ದಟ್ಟ ಕೂದಲು, ಉದುರಿದ್ದು ಮೊದಮೊದಲು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಾಚಣಿಗೆಗೆ ಬಂದ ಎಳೆಗಳನ್ನು ಅವಳಿಗೆ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಕೊಡವಿದರೆ ಬೀಳಲೊಲ್ಲವು. ಈ ಕೈ ಬಿಟ್ಟರೆ ಆ ಕೈ. ಕೂದಲ ಮೇಲೆ ಸಿಟ್ಟಾಗಿ ಏನು ಮಾಡುವುದು?

ಔಷಧಕ್ಕೆ ಮೂರನೇ ಸಲ ಹೋಗುವ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆವು. ಅವ್ವ ನನ್ನ ಹಿಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ನನ್ನ ನೈಲಾನ್ ಸ್ವೆಟರಿನ ತೋಳಿನ ಮೇಲೆ ಉದ್ದುದ್ದ ಎಳೆಗಳು ಕಂಡವು. ಒರೆಸಿದೆ. ನೈಲಾನ್ ಉಜ್ಜಿದಷ್ಟೂ ಎಳೆಯುತ್ತದೆಂದು ಪಾಠ ಮಾಡುವವನೇ ನಾನು, ಉಜ್ಜುತ್ತಲೇ ಇದ್ದೆ.

“ಬೆನ್ನ ಮ್ಯಾಲೂ ಅದಾವ,” ಎಂದಳು ಅವ್ವ.

ಒಂದೊಂದೇ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು. ಸೆರಗಿನೊಳಗೆ ಕೈಹಾಕಿ ತಲೆ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು.

“ಏಳವ್ವ. ಮತ್ತ ಬೆಳೀತಾವ.”

“ಉದರಾಂಗಿಲ್ಲ ಅಂದಾಂವನೂ ನೀನ.”

“ಅವ್ವಾ, ಡಾಕ್ಟರು ಕಾಯತಿರ್ತಾರ.”

“ಒಯ್ಯಾಂವ ನೀ ಇದ್ದಿ. ತಲಿ ನಂದೈತಿ.”

ಕಂಡಕ್ಟರ್ “ಚಲಾ, ಸೋಲಾಪುರ” ಎಂದು ಕೂಗಿ ನಮ್ಮತ್ತ ನೋಡಿದ. ಅವಳನ್ನು ಎತ್ತಿಕೊಂಡೇ ಹತ್ತಬಹುದಿತ್ತು, ಅಷ್ಟು ಹಗುರಾಗಿದ್ದಳು. ನನಗೆ ಕೈ ಬರಲಿಲ್ಲ. ಬಸ್ಸು ಹೊರಟುಹೋಯಿತು.

“ಅಲ್ಲಾಡಬ್ಯಾಡ, ಇನ್ನೂ ಅದಾವ,” ಎನ್ನುತ್ತ ಅವ್ವ ನನ್ನ ಬೆನ್ನಿನ ಕೂದಲು ಆರಿಸುತ್ತಲೇ ಇದ್ದಳು.